ಯಾವ ಮನೆತನದ ಸಂಪಿಗೆ?

ಕನ್ನಡದಲ್ಲಿ ಸಂಪಿಗೆ ಒಂದೇ ಹೂವಲ್ಲ. ಜಡೆಗೇರುವ ಕೆಂಡಸಂಪಿಗೆ, ಬಿಳಿ ಎಸಳಿನ ನಡುವೆ ಹಳದಿ ಕೇಸರದ ಗೊಂಡೆ ಹೊತ್ತ ನಾಗಸಂಪಿಗೆ, ಗುಡಿಯಂಗಳದಲ್ಲಿ ಉದುರಿ ಬೀಳುವ ದೇವಸಂಪಿಗೆ, ಮಾಗಿದ ಹಣ್ಣಿನಂತೆ ಘಮಘಮಿಸುವ ಹಸಿರುಸಂಪಿಗೆ ಅಥವಾ ಮನೋರಂಜಿನಿ, ಈ ನಾಲ್ಕರ ಮನೆತನವೂ ಬೇರೆ ಬೇರೆ. ಕೆಂಡಸಂಪಿಗೆಯದು ಮ್ಯಾಗ್ನೋಲಿಯೇಸೀ, ನಾಗಸಂಪಿಗೆಯದು ಸುರಹೊನ್ನೆಯ ಬಳಗವಾದ ಕ್ಯಾಲೋಫಿಲೇಸೀ. ದೇವಸಂಪಿಗೆ ಕಣಗಿಲೆ, ಎಕ್ಕಗಳ ಜೊತೆ ಅಪೋಸೈನೇಸೀಗೆ ಸೇರಿದರೆ, ಮನೋರಂಜಿನಿ ಸೀತಾಫಲದ ಅನೋನೇಸೀಗೆ. ಚಿತ್ರದ ಕೆಳಗೆ ‘ಸಂಪಿಗೆ’ ಎಂದಷ್ಟೇ ಬರೆದರೆ ನೋಡುವವರ ಮುಂದೆ ನಾಲ್ಕು ದಾರಿಗಳು ತೆರೆಯುತ್ತವೆ. ಕುಟುಂಬದ ಹೆಸರು ಜೊತೆಗಿದ್ದರೆ ಉಳಿಯುವುದು ಒಂದೇ.

ಸಸ್ಯಗಳನ್ನು ಕುಟುಂಬಗಳೆಂದು ವಿಂಗಡಿಸುವ ಪದ್ಧತಿಯನ್ನು 1689ರಲ್ಲಿ ಮುಂದಿಟ್ಟವನು ಫ್ರಾನ್ಸಿನ ಪಿಯರ್ ಮ್ಯಾಗ್ನೋಲ್. ಕೆಂಡಸಂಪಿಗೆಯ ಕುಟುಂಬಕ್ಕೆ ಅವನ ಹೆಸರೇ ನಿಂತಿರುವುದು ಸಂಪಿಗೆಯನ್ನು ಮೆಚ್ಚುವ ಯಾರಿಗೂ ಹಿತವೆನಿಸುವ ಸಂಗತಿ. ಸಸ್ಯವಿಜ್ಞಾನಿಗಳ ಎಪಿಜಿ ಬಳಗದ 2016ರ ವರ್ಗೀಕರಣ ಹೂಬಿಡುವ ಸಸ್ಯಗಳನ್ನು 416 ಕುಟುಂಬಗಳಲ್ಲಿ ಇರಿಸಿದೆ. ಇಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಇಪ್ಪತ್ತು ಮೂವತ್ತರ ಚಹರೆ ಕಣ್ಣಿಗೆ ಹತ್ತಿದರೆ ಹಿತ್ತಲು, ಬೇಲಿ, ಗದ್ದೆಬದುಗಳ ಬಹಳಷ್ಟು ಗಿಡಗಳು ಪರಿಚಯದವೇ ಆಗುತ್ತವೆ.

ಗಿಡಗಳ ಚಿತ್ರ ತೆಗೆದು ಗುರುತಿಸುವ ಹವ್ಯಾಸದ ಸೊಗಸೆಲ್ಲ ಆ ಚಹರೆಯನ್ನು ಹಿಡಿಯುವುದರಲ್ಲಿದೆ. ದಾಸವಾಳದ ನಡುವಿನಿಂದ ಹೊರಚಾಚುವ ಕೇಸರದ ಕೊಳವೆಯನ್ನು ಒಮ್ಮೆ ಗಮನಿಸಿದವರಿಗೆ ಬೆಂಡೆಯ ಹೂವಿನಲ್ಲೂ ಹತ್ತಿಯ ಹೂವಿನಲ್ಲೂ ಅದೇ ಕಾಣುತ್ತದೆ; ಮೂರೂ ಮಾಲ್ವೇಸೀ. ಕಾಫಿಗೂ ಕೇಪಳಕ್ಕೂ ಎಲೆಗಳು ಎದುರುಬದುರು, ಎರಡು ತೊಟ್ಟುಗಳ ನಡುವೆ ಕಾಂಡಕ್ಕಂಟಿದ ಪುಟ್ಟ ಎಲೆಯಂಥ ಪುಚ್ಛಪತ್ರ (ಸ್ಟಿಪ್ಯೂಲ್). ರೂಬಿಯೇಸೀಯನ್ನು ಗುರುತಿಸಲು ಹೂವಿಗಾಗಿ ಕಾಯಬೇಕಾಗಿಯೇ ಇಲ್ಲ. ಕೆಂಡಸಂಪಿಗೆಯಲ್ಲಿ ಎಲೆಮೊಗ್ಗನ್ನು ಮುಚ್ಚಿದ್ದ ಪುಚ್ಛಪತ್ರ ಕಳಚಿದಾಗ ರೆಂಬೆಯ ಸುತ್ತ ಬಳೆಯಂಥ ಗುರುತು ಉಳಿಯುತ್ತದೆ. ದೇವಸಂಪಿಗೆಯಲ್ಲಿ ಆ ಬಳೆಯಿಲ್ಲ, ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ.

ಹಾಗಾಗಿ ಹೂವಿನ ಮುಖವನ್ನಷ್ಟೇ ತುಂಬಿಕೊಂಡ ಚಿತ್ರ ಎಷ್ಟು ಚೆಂದವಿದ್ದರೂ ಅರ್ಧ ಮಾತ್ರ. ಹೂವಿನ ಪಕ್ಕನೋಟ, ತೊಟ್ಟು, ಎಲೆಗಳ ಜೋಡಣೆ, ಸಿಕ್ಕರೆ ಕಾಯಿ, ಇವೂ ಬೇಕು. ಜಾತಿ ಖಚಿತವಾಗದಿದ್ದಾಗ ಊಹೆಯ ಹೆಸರಿಗಿಂತ ‘ಅಕ್ಯಾಂಥೇಸೀ, ಜಾತಿ ತಿಳಿಯದು’ ಎಂಬ ಒಕ್ಕಣೆ ಎಷ್ಟೋ ಮೇಲು. ಬಲ್ಲವರು ಅಲ್ಲಿಂದಲೇ ಹುಡುಕಾಟ ಮುಂದುವರಿಸುತ್ತಾರೆ. ತಪ್ಪು ಜಾತಿಯ ಹೆಸರಾದರೋ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ನಿಜವೆಂಬಂತೆ ನೆಲೆಯೂರುತ್ತದೆ.

ಕುಟುಂಬಗಳೂ ಬದಲಾಗುತ್ತವೆ. ಎಕ್ಕದ ಆಸ್ಕ್ಲೆಪಿಯಡೇಸೀ ಈಗ ಅಪೋಸೈನೇಸೀಯೊಳಗೆ ಸೇರಿಹೋಗಿದೆ. ಹಳೆಯ ಪುಸ್ತಕಗಳಲ್ಲಿ ವರ್ಬಿನೇಸೀ ಎಂದಿರುವ ತೇಗ, ಲಕ್ಕಿಗಳು ಇಂದು ತುಳಸಿ, ತುಂಬೆಗಳ ಲೇಮಿಯೇಸೀಯಲ್ಲಿವೆ. ಅಷ್ಟು ದೊಡ್ಡ ಮರ ತುಳಸಿಯ ನೆಂಟನೆಂದರೆ ಮೊದಲಿಗೆ ನಂಬಿಕೆ ಬಾರದು. ಆದರೆ ತೇಗದ ಎಳೆಯ ರೆಂಬೆಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದೂ ತುಳಸಿಯ ಕಡ್ಡಿಯಂತೆಯೇ ನಾಲ್ಕು ಏಣಿನದು.