ಅರುಂಧತಿಯ ನೆರೆಯಲ್ಲೊಂದು ಸ್ಫೋಟ

ಲೇಹ್ ಬಿಟ್ಟ ಮೇಲೆ ರಸ್ತೆಗೆ ಸಿಂಧೂ ನದಿಯೇ ಜೊತೆ. ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ. ಮುಂದೆ ಹೋದಷ್ಟೂ ಊರುಗಳು ಕಡಿಮೆಯಾಗುತ್ತವೆ, ಬೆಟ್ಟಗಳ ಬಣ್ಣ ಹೆಚ್ಚುತ್ತದೆ. ನ್ಯೋಮಾದ ಆಸುಪಾಸಿನ ನಿದರ್ ಸೀಮೆಯಲ್ಲಿ ಕಪ್ಪುಹಸಿರು ಬಂಡೆಗಳು ಕಾಣತೊಡಗಿದವು. ಒಂದಾನೊಂದು ಕಾಲಕ್ಕೆ ಟೆಥಿಸ್ ಸಾಗರದ ತಳವಾಗಿದ್ದ ಕಲ್ಲುಗಳಿವು. ಭಾರತದ ಭೂಫಲಕ ಏಷ್ಯಾಕ್ಕೆ ಬಂದು ಗುದ್ದಿದಾಗ ಮೇಲೆದ್ದವು. ಗಾಡಿ ನಿಲ್ಲಿಸಿ ಒಂದನ್ನು ಮುಟ್ಟಿ ನೋಡಿದೆ. ಬಿಸಿಲ ಮಗ್ಗುಲು ಬೆಚ್ಚಗಿತ್ತು, ನೆರಳ ಮಗ್ಗುಲು ಬೆರಳು ಸೆಟೆಯುವಷ್ಟು ತಣ್ಣಗಿತ್ತು.

ಲೋಮಾದಲ್ಲಿ ಸಿಂಧೂವನ್ನು ಬಿಟ್ಟು ಹಾನ್ಲೆಯ ಕಡೆ ತಿರುಗಿದೆವು. ಬಯಲಿನಲ್ಲಿ ಕಿಯಾಂಗ್ ಎನ್ನುವ ಕಾಡುಕತ್ತೆಗಳ ಹಿಂಡು ತಲೆ ಎತ್ತಿ ನಮ್ಮನ್ನು ನೋಡಿ ಮತ್ತೆ ಮೇಯಲು ತೊಡಗಿತು. ದೂರದ ಗುಡ್ಡದ ನೆತ್ತಿಯಲ್ಲಿ ಹದಿನೇಳನೇ ಶತಮಾನದ ಬೌದ್ಧ ಮಠ. ಇನ್ನೊಂದು ಬೆಟ್ಟದ ಮೇಲೆ ಬಿಳಿಯ ಗುಮ್ಮಟ.

ಆ ಗುಮ್ಮಟಕ್ಕಾಗಿಯೇ ನಾನು ಬಂದದ್ದು. 2023ರ ಮೇ 19ರಂದು ಜಪಾನಿನ ಹವ್ಯಾಸಿ ಖಗೋಳ ವೀಕ್ಷಕ ಕೋಇಚಿ ಇತಾಗಾಕಿ ಎಂ101 ಎಂಬ ಗೆಲಾಕ್ಸಿಯಲ್ಲಿ ಅದುವರೆಗೆ ಕಾಣದ ಒಂದು ಬೆಳಕಿನ ಚುಕ್ಕೆ ಹಿಡಿದಿದ್ದರು. ಇಂಥ ನೂರೈವತ್ತಕ್ಕೂ ಹೆಚ್ಚು ನಕ್ಷತ್ರಸ್ಫೋಟಗಳನ್ನು ಪತ್ತೆ ಮಾಡಿದ ಮನುಷ್ಯ ಅವರು. ಹೊಸದಕ್ಕೆ ಎಸ್‌ಎನ್ 2023ಐಎಕ್ಸ್‌ಎಫ್ ಎಂದು ಹೆಸರಾಯಿತು. ಅದು ನಮ್ಮಿಂದ ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರ. ಆ ಬೆಳಕು ಅಲ್ಲಿಂದ ಹೊರಟಾಗ ನಾನು ಮುಟ್ಟಿದ ಆ ಕಲ್ಲು ಆಗಲೇ ಸಾಗರದಿಂದ ಮೇಲೆದ್ದಾಗಿತ್ತು. ಹಿಮಾಲಯ ಇನ್ನೂ ಬೆಳೆಯುತ್ತಿತ್ತು. ಅಂದು ಹೊರಟ ಬೆಳಕು, ನೋಡುವ ಕಣ್ಣುಗಳು ಹುಟ್ಟಿ, ದೂರದರ್ಶಕ ಕಟ್ಟಿ ಕಾದು ಕೂತಿರುವಾಗ ಬಂದು ಮುಟ್ಟಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಹಾನ್ಲೆಯ ವೀಕ್ಷಣಾಲಯ 4,500 ಮೀಟರ್ ಎತ್ತರದಲ್ಲಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಕೆನ್ನುತ್ತದೆ. ಗಾಳಿ ತೆಳು, ತೇವ ಬಹಳ ಕಡಿಮೆ, ಆದ್ದರಿಂದಲೇ ನಕ್ಷತ್ರದ ಬೆಳಕಿಗೆ ಅಡ್ಡಿ ಕಡಿಮೆ. ಗುಮ್ಮಟದೊಳಗೆ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ. ಸೂಪರ್‌ನೋವಾ ಎನ್ನುವ ಈ ನಕ್ಷತ್ರಸ್ಫೋಟಗಳ ಅಧ್ಯಯನಕ್ಕೇ ಬದುಕು ಕೊಟ್ಟ ಜಿ. ಸಿ. ಅನುಪಮಾ ಇದನ್ನು ಇಲ್ಲಿ ನಿಲ್ಲಿಸಿದವರಲ್ಲಿ ಪ್ರಮುಖರು. ಹಗಲಾದ್ದರಿಂದ ಗುಮ್ಮಟ ಮುಚ್ಚಿತ್ತು. ಆ ಅರೆಗತ್ತಲಲ್ಲಿ ತಲೆ ಎತ್ತಿ ನಿಂತಾಗ ನನ್ನನ್ನು ಕಾಡಿದ್ದು ಯಂತ್ರಕ್ಕಿಂತ ಅದರ ಹೆಸರು.

1930ರಲ್ಲಿ ಇನ್ನೂ ಇಪ್ಪತ್ತು ತುಂಬದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತ ಒಂದು ಲೆಕ್ಕ ಹಾಕುತ್ತಾರೆ. ಉರಿದು ಮುಗಿದ ನಕ್ಷತ್ರದ ತಿರುಳು ತನ್ನ ಭಾರವನ್ನು ತಾನೇ ಹೊರಬಲ್ಲದು, ಆದರೆ ಒಂದು ಮಿತಿಯ ತನಕ ಮಾತ್ರ. ಆ ಮಿತಿ ಸೂರ್ಯನ ರಾಶಿಯ ಸುಮಾರು 1.4 ಪಟ್ಟು. ಸೂರ್ಯನ ಎಂಟು ಪಟ್ಟಿಗೂ ಮಿಕ್ಕ ರಾಶಿಯ ನಕ್ಷತ್ರ ಹೈಡ್ರೋಜನ್, ಹೀಲಿಯಂ, ಇಂಗಾಲ, ಆಮ್ಲಜನಕ ಎಂದು ಒಂದೊಂದನ್ನೇ ಉರಿಸುತ್ತ ಕೊನೆಗೆ ಕಬ್ಬಿಣಕ್ಕೆ ಬಂದು ನಿಲ್ಲುತ್ತದೆ. ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ. ತಿರುಳು ಆ ಮಿತಿಯ ಹತ್ತಿರಕ್ಕೆ ಬೆಳೆದದ್ದೇ ತಡ, ಭೂಮಿಯಷ್ಟು ದೊಡ್ಡದಾಗಿದ್ದದ್ದು ಒಂದು ಸೆಕೆಂಡಿನೊಳಗೆ ಹತ್ತಾರು ಕಿಲೋಮೀಟರಿಗೆ ಕುಸಿಯುತ್ತದೆ. ಆ ಕುಸಿತದ ಶಕ್ತಿ ಮೇಲಿನ ಪದರಗಳನ್ನೆಲ್ಲ ಕಿತ್ತೆಸೆಯುತ್ತದೆ. ಹುಡುಗನೊಬ್ಬ ಸಮುದ್ರದ ಮೇಲೆ ಕಂಡ ಮಿತಿ; ಅದನ್ನು ಮೀರಿದಾಗ ಏನಾಗುತ್ತದೆಂದು ನೋಡಲು ಹಿಮಾಲಯದ ಮೇಲೆ ಅವನ ಹೆಸರಿನ ಕಣ್ಣು.

ರಾತ್ರಿ ಈ ಬೆಟ್ಟ ಪ್ರವಾಸಿಗರಿಗಿಲ್ಲ. ಬೇಸರಪಡಬೇಕಾಗಿಲ್ಲ, ಏಕೆಂದರೆ ಕೆಳಗಿನ ಹಳ್ಳಿಯೇ ಒಂದು ವೀಕ್ಷಣಾಲಯ. 2022ರ ಡಿಸೆಂಬರಿನಲ್ಲಿ ಹಾನ್ಲೆ ಸುತ್ತಲಿನ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶ ದೇಶದ ಮೊದಲ ಡಾರ್ಕ್ ಸ್ಕೈ ರಿಸರ್ವ್ ಆಯಿತು. ಕಿಟಕಿಗೆ ದಪ್ಪ ಪರದೆ, ದೀಪಕ್ಕೆ ಮುಚ್ಚಳ. ಊರಿನ ಹಲವರಿಗೆ ಆಕಾಶ ತೋರಿಸುವ ತರಬೇತಿ ಸಿಕ್ಕಿದೆ. ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ನಾನು ಹೋದದ್ದು 2023ರ ಜೂನಿನಲ್ಲಿ, ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ. ಉಳಿದುಕೊಂಡಿದ್ದ ಮನೆಯ ಹುಡುಗಿ ಅಂಗಳಕ್ಕೆ ದೂರದರ್ಶಕ ಹೊತ್ತು ತಂದಳು. ಮೇಲೆ ಸಪ್ತರ್ಷಿಮಂಡಲ. ಮದುವೆಯಲ್ಲಿ ಪುರೋಹಿತರು ತೋರಿಸುವ ಅರುಂಧತಿ ಇಲ್ಲಿ ವಸಿಷ್ಠನ ಪಕ್ಕದಲ್ಲಿ ಹುಡುಕದೆಯೇ ಕಂಡಳು. ವಸಿಷ್ಠ ಮತ್ತು ಬಾಲದ ತುದಿಯ ಮರೀಚಿ, ಇವರಿಬ್ಬರಿಗೆ ಮೂರನೆಯ ಮೂಲೆಯಾಗಿ ಒಂದು ತ್ರಿಕೋನ ಕಲ್ಪಿಸಿಕೊಂಡರೆ ಅಲ್ಲಿ ಎಂ101.

"ದೀದಿ, ನೇರ ನೋಡಬೇಡಿ. ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಇಡಿ" ಎಂದಳು.

ಪಕ್ಕಕ್ಕೆ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಹಣೆಯ ಮೇಲೆ ಎಳೆದು ಅರ್ಧ ಅಳಿಸಿಹೋದ ವಿಭೂತಿಯ ಹಾಗೆ ಒಂದು ಮಾಸಲು ಬಿಳುಪು. ಸಾವಿರಾರು ಕೋಟಿ ನಕ್ಷತ್ರಗಳು ಸೇರಿದರೂ ಅಷ್ಟೇ ಬೆಳಕು. ಅದರ ಅಂಚಿನ ಕಡೆ, ಯಾವ ಮಸುಕೂ ಇಲ್ಲದೆ, ಸೂಜಿಮೊನೆಯಷ್ಟು ಸ್ಪಷ್ಟವಾಗಿ ಒಂದೇ ಒಂದು ಚುಕ್ಕೆ. ಬಿಡಿಬಿಡಿಯಾಗಿ ಕಾಣದ ಕೋಟಿಗಳ ನಡುವೆ ಒಂಟಿಯಾಗಿ ಕಂಡ ನಕ್ಷತ್ರ ಅದು, ಸತ್ತದ್ದರಿಂದ ಕಂಡದ್ದು. ಹುಡುಗಿ ತನ್ನ ಸರದಿಗೆ ಬಗ್ಗಿ ನೋಡಿ "ಇದೆ, ಇನ್ನೂ ಇದೆ" ಎಂದಳು. ಅವಳು ದಿನಾ ನೋಡುತ್ತಿದ್ದಳಂತೆ.

ಮೇಲಿನ ದೂರದರ್ಶಕವೂ ಅದನ್ನೇ ಬೆನ್ನು ಹತ್ತಿತ್ತು. ಅದನ್ನು ನಡೆಸುವವರು ಅಲ್ಲಿರುವುದಿಲ್ಲ; ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುತ್ತಾರೆ. ಮುಂದೆ ಊರಿಗೆ ಮರಳಿದ ಮೇಲೆ ಆ ನಿಯಂತ್ರಣ ಕೊಠಡಿಯನ್ನೂ ಹೋಗಿ ನೋಡಿದೆ. ಕಂಪ್ಯೂಟರ್ ಪರದೆಗಳು, ಹಾನ್ಲೆಯ ಗಾಳಿಯ ವೇಗ, ತೇವಾಂಶದ ಅಂಕಿ. ಅನುಪಮಾ, ಡಿ. ಕೆ. ಸಾಹು ಮತ್ತು ಅವರ ಕಿರಿಯ ಸಹೋದ್ಯೋಗಿಗಳು ಹಾನ್ಲೆಯ ದೂರದರ್ಶಕಗಳ ಜೊತೆ ಆಸ್ಟ್ರೋಸ್ಯಾಟ್ ಉಪಗ್ರಹವನ್ನೂ ಈ ಸ್ಫೋಟದ ಕಡೆ ತಿರುಗಿಸಿದ್ದರು. ಆರಂಭದ ದಿನಗಳ ರೋಹಿತದಲ್ಲಿ ಅವರಿಗೆ ಸಣ್ಣನೆಯ ಹೊಳೆವ ಗೆರೆಗಳು ಸಿಕ್ಕವು. ಒಂದು ವಾರ ಕಳೆಯುವಷ್ಟರಲ್ಲಿ ಅವು ಮಾಯ. ಆ ಗೆರೆಗಳು ಹೇಳಿದ್ದು ಸ್ಫೋಟದ ಕಥೆಯನ್ನಲ್ಲ, ಅದಕ್ಕೆ ಮುಂಚಿನ ಕಥೆಯನ್ನು: ಸಾಯುವ ಮುನ್ನ ನಕ್ಷತ್ರ ತನ್ನ ಮೈಯ ಅನಿಲವನ್ನು ಹೊರಗೆ ಚೆಲ್ಲಿ ಅದರೊಳಗೇ ಮುಳುಗಿ ಕೂತಿತ್ತು. ಸ್ಫೋಟದ ಮೊದಲ ಬೆಳಕು ಆ ಅನಿಲವನ್ನು ಬೆಳಗಿಸಿತು, ಹಿಂದೆಯೇ ಬಂದ ಅಲೆ ಅದನ್ನು ನುಂಗಿತು. ಒಂದು ವಾರ ತಡವಾಗಿದ್ದರೆ ಆ ಪುಟ ಯಾರಿಗೂ ಓದಲು ಸಿಗುತ್ತಿರಲಿಲ್ಲ. ಸ್ಫೋಟದ ಅಬ್ಬರಕ್ಕಿಂತ ಈ ಓದೇ ನನಗೆ ದೊಡ್ಡ ಬೆರಗು.

ಇಂಥ ಸ್ಫೋಟದ ಬೆಳಕನ್ನು ನಕ್ಷೆಯಲ್ಲಿ ಗುರುತಿಸಿದರೆ ಸುಮಾರು 80 ದಿನ ಒಂದೇ ಮಟ್ಟದ ಹಾಗೆ ಸಾಗಿ, ದಿಢೀರನೆ ಇಳಿದು, ಆಮೇಲೆ ನಿಧಾನದ ಇಳಿಜಾರು ಹಿಡಿಯುತ್ತದೆ. ಆ ಇಳಿಜಾರಿನ ವೇಗವನ್ನು ತೀರ್ಮಾನಿಸುವುದು ಒಂದು ಧಾತು. ಸ್ಫೋಟದಲ್ಲಿ ಹುಟ್ಟಿದ ವಿಕಿರಣಶೀಲ ನಿಕ್ಕಲ್ ಆರು ದಿನಗಳಲ್ಲಿ ಅರ್ಧದಷ್ಟು ಕೋಬಾಲ್ಟ್ ಆಗುತ್ತದೆ. ಕೋಬಾಲ್ಟ್ 77 ದಿನಗಳಿಗೊಮ್ಮೆ ಅರ್ಧವಾಗುತ್ತ ಕಬ್ಬಿಣವಾಗುತ್ತದೆ. ಕುಸಿತಕ್ಕೆ ಕಾರಣವಾದ ಕಬ್ಬಿಣ ಒಳಗೇ ನಜ್ಜುಗುಜ್ಜಾಗಿ ಹೋಯಿತು. ಇದು ಹೊಸದು, ಹೊರಗೆ ಹರಡುವುದಕ್ಕೆಂದೇ ಹುಟ್ಟಿದ್ದು. ಅದು ತೂಕದಲ್ಲಿ ಎಷ್ಟಿತ್ತೆಂಬುದನ್ನು ಇಳಿಜಾರಿನ ಹೊಳಪಿನಿಂದ ಲೆಕ್ಕ ಹಾಕಬಹುದು. ಅದಕ್ಕಾಗಿ ಹೊಸಕೋಟೆಯವರು ಚುಕ್ಕೆ ಮಂಕಾದ ಮೇಲೂ ಅದನ್ನು ಬಿಡುವುದಿಲ್ಲ.