ಯಂತ್ರವೆಂಬ ಶಬ್ದದ ಅರ್ಥ

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಅರಸೀಕೆರೆಯ ಸೀಮೆಯಲ್ಲಿ ಬಾಲಕರಿಗೆ ಸಂಸ್ಕೃತವನ್ನು ಬೋಧಿಸಿ ಈಗ ವಿಶ್ರಾಂತಿಯಲ್ಲಿರುವ ನಾವು, ‘ಯಂತ್ರ’ ಶಬ್ದದ ವ್ಯುತ್ಪತ್ತಿಯನ್ನು ಎಷ್ಟು ಬಾರಿ ಹೇಳಿರುವೆವೋ ಲೆಕ್ಕವಿಲ್ಲ. ‘ಯಮ್’ ಧಾತುವಿಗೆ ತಡೆ, ನಿಗ್ರಹ ಎಂದರ್ಥ. ನಿಯಮ, ಸಂಯಮ ಎಂಬ ಪದಗಳೂ ಅದರಿಂದಲೇ ಹುಟ್ಟಿದುವು. ಆದಕಾರಣ ನಿಗ್ರಹಕ್ಕೆ ಸಾಧನವಾದುದೇ ಯಂತ್ರ. ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಅದರ ಅರ್ಥವನ್ನು ನಮಗೆ ನಿಜವಾಗಿ ಕಲಿಸಿದವನು ಹಳೇಬೀಡಿನ ಮಾರ್ಗದಲ್ಲಿ ವಾಹನಗಳ ದುರಸ್ತಿ ಮಾಡುವ ಒಬ್ಬ ಮೇಸ್ತ್ರಿ.

ನಮ್ಮ ತಮ್ಮನ ಮಗನಿಗೆ ಬೇಲೂರಿನಿಂದ ಪಶ್ಚಿಮಕ್ಕೆ ಸ್ವಲ್ಪ ಕಾಫಿಯ ತೋಟವುಂಟು. ನಮ್ಮ ಕಡೆಯ ತೆಂಗಿನ ಒಣನೆಲವನ್ನು ಬಿಟ್ಟು ಜಾವಗಲ್ಲು, ಹಳೇಬೀಡುಗಳನ್ನು ದಾಟಿ ಬೇಲೂರಿನ ಆಚೆಗೆ ಹೋದರೆ ಮಲೆನಾಡಿನ ಮಳೆ ಎದುರಾಗುವುದು. ಕಳೆದ ವರ್ಷದ ಆಷಾಢದಲ್ಲಿ ನಾವು ಅಲ್ಲಿದ್ದಾಗ, ಒಂದು ರಾತ್ರಿ ನಮ್ಮ ಗೃಹಿಣಿಗೆ ಉಸಿರು ಕಟ್ಟತೊಡಗಿತು. ಜೀಪಿನಲ್ಲಿ ಕೂರಿಸಿಕೊಂಡು ಬೇಲೂರಿಗೆ ಹೊರಟೆವು. ತೋಟದ ಏರಿನಲ್ಲಿಯೇ ಚಕ್ರಗಳು ಅಚ್ಚಿನವರೆಗೆ ಕೆಸರಿನಲ್ಲಿ ಹೂತುಹೋದುವು. ಆಳುಗಳು ಕಲ್ಲು ಸೊಪ್ಪು ಹಾಕಿ, ಹಗ್ಗ ಕಟ್ಟಿ ಎಳೆದು, ಜೀಪು ಮೇಲೆ ಬರಲು ಎರಡು ಗಂಟೆ ಹಿಡಿಯಿತು. ದೇವರ ದಯೆಯಿಂದ ಆಕೆ ಉಳಿದಳು. ಆ ಎರಡು ಗಂಟೆಗಳನ್ನು ಮಾತ್ರ ನಾವು ಮರೆತಿಲ್ಲ.

ಆ ಬಳಿಕ ಹುಡುಗನು ಜೀಪಿಗೆ ಹೈಡ್ರಾಲಿಕ್ ವಿಂಚ್ ಜೋಡಿಸುವೆನೆಂದನು. ಉಕ್ಕಿನ ಹಗ್ಗವನ್ನು ಉರುಳೆಯೊಂದಕ್ಕೆ ಸುತ್ತಿ, ಅದರ ತುದಿಯನ್ನು ಮರಕ್ಕೆ ಬಿಗಿದು, ಉರುಳೆಯನ್ನು ತಿರುಗಿಸಿ, ವಾಹನವು ತನ್ನನ್ನು ತಾನೇ ಮೇಲಕ್ಕೆಳೆದುಕೊಳ್ಳುವಂತೆ ಮಾಡುವ ಸಾಧನವದು. ನಾವು ಒಪ್ಪಲಿಲ್ಲ. “1117ರಲ್ಲಿ ವಿಷ್ಣುವರ್ಧನನ ಕಾಲಕ್ಕೆ ಬೇಲೂರಿನ ಕಲ್ಲುಗಳನ್ನು ಮೇಲೇರಿಸಿದವರು ಮನುಷ್ಯರೇ, ಚೆನ್ನಕೇಶವನ ರಥವನ್ನು ಎಳೆಯುವವರೂ ಮನುಷ್ಯರೇ. ನಿನಗೇಕೆ ಈ ದುಂದುವೆಚ್ಚ?” ಎಂದೆವು. “ದೊಡ್ಡಪ್ಪ, ರಥ ಎಳೆಯಲು ಊರೇ ಸೇರುತ್ತದೆ. ನಡುರಾತ್ರಿ ಮಳೆಯಲ್ಲಿ ನಾನು ಯಾರನ್ನು ಕರೆಯಲಿ?” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

ವಿಂಚಿನಲ್ಲಿ ಮುಖ್ಯವಾಗಿ ಎರಡು ಬಗೆ. ವಿದ್ಯುತ್ತಿನದು ಬ್ಯಾಟರಿಯಿಂದ ನಡೆಯುವುದು. ಪೂರ್ಣ ಭಾರದಲ್ಲಿ ನೂರಾರು ಆಂಪಿಯರ್ ವಿದ್ಯುತ್ತನ್ನು ಹೀರಿ ಬೇಗನೆ ಬಿಸಿಯಾಗುವುದರಿಂದ ನಡುನಡುವೆ ಅದಕ್ಕೆ ವಿಶ್ರಾಂತಿ ಬೇಕು. ಹೈಡ್ರಾಲಿಕ್ ವಿಂಚ್ ಎಣ್ಣೆಯ ಒತ್ತಡದಿಂದ ನಡೆಯುವುದು. ಪವರ್ ಸ್ಟೀರಿಂಗಿನ ಪಂಪು ನೂಕಿದ ಎಣ್ಣೆಯು ಕೊಳವೆಯಲ್ಲಿ ಹರಿದು, ಪುಟ್ಟ ಮೋಟಾರನ್ನು ತಿರುಗಿಸಿ, ಹಿಂದಿರುಗಿ ತೊಟ್ಟಿಯನ್ನು ಸೇರುವುದು. ದ್ರವದ ಮೇಲಿನ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ಪಂಡಿತನು ಹೇಳಿದ ತತ್ತ್ವವೇ ಇದಕ್ಕೆ ಆಧಾರ. ನಿಧಾನವಾದರೂ ಬಹಳ ಹೊತ್ತು ದುಡಿಯಬಲ್ಲುದು. ಎಂಜಿನು ನಿಂತರೆ ಮಾತ್ರ ಇದೂ ನಿಲ್ಲುವುದು.

ಮೇಸ್ತ್ರಿಯು ಮೊದಲು ಕೇಳಿದುದು ಹಣವನ್ನಲ್ಲ, ಜೀಪಿನ ತೂಕವನ್ನು. ಭಾರ ತುಂಬಿದ ವಾಹನದ ಒಂದೂವರೆಯಷ್ಟು ತೂಕವನ್ನಾದರೂ ಎಳೆಯುವ ಶಕ್ತಿ ವಿಂಚಿಗೆ ಇರಬೇಕೆಂದನು. ಪಂಪು ಸಾಕಷ್ಟು ಎಣ್ಣೆಯನ್ನು ನೂಕುವುದೇ ಎಂದು ಪರೀಕ್ಷಿಸಿದನು. ಮುಂಭಾಗದ ತೆಳುತಗಡಿಗೆ ಜೋಡಿಸದೆ, ದಪ್ಪ ಉಕ್ಕಿನ ಹಲಗೆಯನ್ನು ಚಾಸಿಯ ಎರಡು ತೊಲೆಗಳಿಗೇ ಬೋಲ್ಟುಗಳಿಂದ ಬಿಗಿದನು. ರೇಡಿಯೇಟರಿಗೆ ಗಾಳಿ ಕಟ್ಟದಂತೆ, ಕೊಳವೆಗಳು ಫ್ಯಾನಿಗೂ ಬಿಸಿಯಾದ ಹೊಗೆಕೊಳವೆಗೂ ತಗುಲದಂತೆ ನೋಡಿಕೊಂಡನು. ಎಣ್ಣೆ ತುಂಬಿ, ಭಾರವಿಲ್ಲದೆ ಉರುಳೆಯನ್ನು ಹಿಂದಕ್ಕೂ ಮುಂದಕ್ಕೂ ಹಲವು ಸಲ ತಿರುಗಿಸಿ ಒಳಗಿನ ಗಾಳಿಯನ್ನು ಹೊರಡಿಸಿದನು. ನೋಂದಣಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಡೆಯುವುದರಿಂದ, ಸಾರಿಗೆ ಕಛೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಗೃಹಸ್ಥರಿಗೆ ಕ್ಷೇಮ.

ಪರೀಕ್ಷೆ ನಡೆದುದು ಅದೇ ಏರಿನಲ್ಲಿ. ಉಕ್ಕಿನ ಹಗ್ಗವು ತೊಗಟೆಯನ್ನು ಕೊಯ್ಯುವುದೆಂದು ಹಲಸಿನ ಮರಕ್ಕೆ ಅಗಲವಾದ ಬೆಲ್ಟನ್ನು ಸುತ್ತಬೇಕಾಗಿತ್ತು. ಹೊಸದನ್ನು ಕೊಳ್ಳಬೇಕೆಂದು ಮೇಸ್ತ್ರಿ ಹೇಳಿದ್ದನು. ಉಗ್ರಾಣದಲ್ಲಿರುವ ಹಳೆಯದು ಸಾಲದೇ ಎಂದು ಹಟ ಹಿಡಿದವರು ನಾವೇ. ಹಗ್ಗವು ಬಿಗಿಯುವ ಮುನ್ನ ಮೇಸ್ತ್ರಿಯು ಅದರ ಮೇಲೆ ನೆನೆದ ಗೋಣಿಯ ತಾಟನ್ನು ಹೊದಿಸಿದನು. “ಹಗ್ಗಕ್ಕೂ ಚಳಿಯೇನಪ್ಪಾ?” ಎಂದು ಹಾಸ್ಯ ಮಾಡಿದೆವು. ಅವನು ನಗಲಿಲ್ಲ. “ಮೇಷ್ಟ್ರೇ, ಇತ್ತ ಬನ್ನಿ. ಹಗ್ಗದ ಹತ್ತಿರ ನಿಲ್ಲಬಾರದು” ಎಂದು ನಮ್ಮ ರಟ್ಟೆ ಹಿಡಿದು ಇಪ್ಪತ್ತು ಮಾರು ದೂರಕ್ಕೆ ಕರೆದೊಯ್ದನು.

ಜೀಪು ಎರಡು ಮಾರು ಏರಿರಬಹುದು. ಹಳೆಯ ಬೆಲ್ಟು ಹರಿಯಿತು. ಶಬ್ದ ಕೇಳಿ ನಾವು ತಿರುಗುವಷ್ಟರಲ್ಲಿ ಕೊಕ್ಕೆಯು ಹಾರಿ ಬಂದಿತ್ತು; ಗೋಣಿಯ ಭಾರವು ಅದನ್ನು ನೆಲಕ್ಕೆ ತಂದು ಕೆಡವಿತು. ಅದು ಮಣ್ಣನ್ನು ಬಗೆದು ನಿಂತ ಸ್ಥಳವು, ನಾವು ಹಾಸ್ಯ ಮಾಡುತ್ತ ನಿಂತಿದ್ದ ಸ್ಥಳವೇ.

ಬಹಳ ಹೊತ್ತು ನಮಗೆ ಮಾತು ಹೊರಡಲಿಲ್ಲ. ಅಂದು ನಮ್ಮ ಜೀವವನ್ನು ಕಾಯ್ದುದು ವಿಂಚಿನ ಬಲವಲ್ಲ. ಅದರ ಬಲವೇ ನಮ್ಮ ಮೇಲೆ ಬೀಳುವಂತಿದ್ದಿತು. ಒಂದು ನೆನೆದ ಗೋಣಿ, ದೂರ ನಿಲ್ಲೆಂಬ ಒಂದು ಮಾತು, ಇವು ಕಾಯ್ದುವು. ಶಕ್ತಿಯನ್ನು ಕೊಳ್ಳಬಹುದು, ನಿಗ್ರಹವನ್ನು ಬಲ್ಲವನಿಂದ ಕಲಿಯಬೇಕು. ಅಕ್ಷರ ಕಲಿಯದ ಆ ಮೇಸ್ತ್ರಿಗೆ ‘ಯಮ್’ ಧಾತುವಿನ ಅರ್ಥ ತಿಳಿದಿತ್ತು. ಕಲಿಸುತ್ತಿದ್ದ ನಮಗೆ ತಿಳಿದಿರಲಿಲ್ಲ.

ಹೊಸ ಬೆಲ್ಟನ್ನು ನಮ್ಮ ನಿವೃತ್ತಿ ವೇತನದಿಂದಲೇ ಕೊಂಡೆವು. ಈ ಸಲದ ಮಳೆಯಲ್ಲಿ ಜೀಪು ಮತ್ತೆ ಅಲ್ಲಿಯೇ ಹೂತಿತು; ಕಾಲು ಗಂಟೆಯಲ್ಲಿ ಮೇಲೆ ಬಂದಿತು. ನಮ್ಮ ಗೃಹಿಣಿಯು ಕೊಡೆ ಹಿಡಿದು ಬಲು ದೂರದಲ್ಲಿ ನಿಂತಿದ್ದಳು. ಎಂಜಿನು ಶಬ್ದ ಮಾಡುವ ಮೊದಲೇ ಅಲ್ಲಿಂದ ಕೂಗಿ ಕೇಳಿದಳು: “ಗೋಣಿ ಹೊದಿಸಿದಿರಾ?”