ನಮ್ಮ ಟಿ.ವಿ.ಯ ಬಿಕ್ಕಳಿಕೆ

ಮನೆಗೆ ಬಂದ ನೆಂಟರು ಬಿಕ್ಕಳಿಸಿದರೆ ಒಂದು ಲೋಟ ನೀರು ಕೊಡುತ್ತೇವೆ. ಟಿ.ವಿ. ಬಿಕ್ಕಳಿಸಿದರೆ ಏನು ಕೊಡುತ್ತೀರಿ? ನಗಬೇಡಿ. ಸ್ಮಾರ್ಟ್ ಟಿ.ವಿ. ಇರುವ ನಾಲ್ಕು ಮನೆಗಳಲ್ಲಿ ಕೇಳಿ ನೋಡಿ, ಒಂದರಲ್ಲಾದರೂ ಈ ಕಾಯಿಲೆ ಇದ್ದೇ ಇರುತ್ತದೆ. ಕೇಬಲ್ ಹಾಕಿದರೆ ಚಿತ್ರ ಲಕ್ಷಣವಾಗಿ ಬರುತ್ತದೆ. ಟಿ.ವಿ.ಯ ಹೊಟ್ಟೆಯೊಳಗೇ ಇರುವ ಯೂಟ್ಯೂಬನ್ನೋ ಇನ್ನೊಂದನ್ನೋ ತೆರೆದಿರೋ, ಶುರು! ಮೆಟ್ಟಿಲಿಳಿಯುವ ನಾಯಕಿಗೆ ನಡುವಿನ ಎರಡು ಮೆಟ್ಟಿಲೇ ಇಲ್ಲ. ಮಾತು ಮುಂದೆ, ತುಟಿ ಹಿಂದೆ.

1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದ ಕಾಲದವರಿಗೆ ನೆನಪಿರಬೇಕು. ಚಿತ್ರ ಕೆಟ್ಟರೆ ಮನೆಯ ಗಂಡಸರು ತಾರಸಿ ಹತ್ತಿ ಆಂಟೆನಾ ತಿರುಗಿಸುವುದು, ನಾವು ಕಿಟಕಿಯಿಂದ "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುವುದು. ಆಗ ರೋಗ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಈಗ ಹಾಗಲ್ಲ. ರಿಮೋಟ್ ಹಿಡಿದು ಪಿಳಿಪಿಳಿ ನೋಡುತ್ತಾ ಕೂರಬೇಕು.

ನಮ್ಮ ಮನೆಯಲ್ಲಿ ಇದು ಬರೀ ಮನರಂಜನೆಯ ವಿಷಯವಾಗಿ ಉಳಿಯಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು. ನಮ್ಮತ್ತೆ ಹೊನ್ನಾವರದ ಕಡೆಯವರು. ರಾತ್ರಿಯಿಡೀ ಬಯಲಾಟ ನೋಡಿ, ಬೆಳಗಾಗೆದ್ದು ಕೊಟ್ಟಿಗೆ ಕೆಲಸಕ್ಕೆ ನಿಲ್ಲುತ್ತಿದ್ದವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಎಂದರೆ ಅವರಿಗೆ ಊಟ ಬೇಡ. ಚಿಟ್ಟಾಣಿಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಮನೆಯಲ್ಲಿ ಪಾಯಸ ಮಾಡಿಸಿದ್ದರು, 2017ರಲ್ಲಿ ಅವರು ತೀರಿಕೊಂಡ ದಿನ ಯಾರೊಡನೆಯೂ ಮಾತಾಡಲಿಲ್ಲ. ಈಗ ವಯಸ್ಸು 78. ಮಂಡಿ ನೋವು, ಶಿವಮೊಗ್ಗದ ನಮ್ಮ ಮನೆ ಬಿಟ್ಟು ಎಲ್ಲಿಗೂ ಹೋಗಲಾರರು. ಮೊಬೈಲಿನ ಪುಟ್ಟ ಪರದೆಯಲ್ಲಿ ವೇಷ ಕಾಣುವುದಿಲ್ಲ. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಟಿ.ವಿ.ಯಲ್ಲಿ ಹಳೆಯ ಆಟಗಳೇ ಅವರಿಗೆ ಜೊತೆ.

ಕೆಲವು ತಿಂಗಳಿಂದ ಅವರು ಕಣ್ಣು ಮುಚ್ಚಿಕೊಂಡೇ ಕೂರತೊಡಗಿದರು. "ಯಾಕತ್ತೆ, ನೋಡೋದಿಲ್ವಾ?" ಅಂದೆ. "ಕೇಳ್ತಾ ಇದ್ದೇನಲ್ಲ, ಸಾಕು. ಕಣ್ಣಿಗೆ ಪೊರೆ ಬಲ್ತಿದೆ ಮಾರಾಯ್ತಿ. ವೇಷ ಕುಣೀತಾ ಕುಣೀತಾ ನಿಂತುಬಿಡ್ತದೆ, ಮತ್ತೆ ನೋಡಿದ್ರೆ ಇನ್ನೆಲ್ಲೋ ಇರ್ತದೆ" ಅಂದರು. ಪೊರೆ ಬಂದದ್ದು ನಿಜ. ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿ, ನಾವು ಅದಕ್ಕೆಂದೇ ದುಡ್ಡು ಕೂಡಿಡುತ್ತಿದ್ದೆವು. ಆದರೆ ವೇಷ ಹಾರುವುದು ಪೊರೆಯಿಂದಲ್ಲ, ನನ್ನ ಕಣ್ಣಿಗೂ ಅದು ಹಾರುತ್ತಲೇ ಇತ್ತು! ಮೋಹಿನಿಯ ಜೊತೆ ಕುಣಿಯುತ್ತಾ ಭಸ್ಮಾಸುರ ತಲೆಯ ಮೇಲೆ ಕೈಯಿಡುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತು, ಮುಂದುವರಿಯುವಷ್ಟರಲ್ಲಿ ಅವನು ಸುಟ್ಟು ಬೂದಿ.

ಇದು ಟಿ.ವಿ.ಯ ದೋಷ ಎಂದು ಹೇಳಿದಾಗ ಅತ್ತೆ ಒಂದು ಗಳಿಗೆ ಹಗುರಾದರು. ಮರುಗಳಿಗೆಯೇ, "ಹಾಗಾದ್ರೆ ಆ ದುಡ್ಡಲ್ಲಿ ಟಿ.ವಿ.ನೇ ತಗೊಳ್ಳಿ, ಕಣ್ಣು ಆಮೇಲೆ ನೋಡೋಣ" ಎಂದುಬಿಟ್ಟರು. ಅಂಗಡಿಯ ಹುಡುಗನೂ, "ಆರು ವರ್ಷದ ಸೆಟ್ಟು ಆಂಟೀ, ಏನೂ ಮಾಡಕ್ಕಾಗಲ್ಲ, ಹೊಸದು ನಲವತ್ತು ಸಾವಿರ" ಅಂದ. ಹೆಚ್ಚೂ ಕಡಿಮೆ ಕಣ್ಣಿನ ದುಡ್ಡಿನಷ್ಟೇ! ನನಗೆ ಹಟ ಬಂತು.

ಮೊದಲು ಬಿಕ್ಕಳಿಕೆಯಲ್ಲಿ ಎರಡು ಜಾತಿ ಇದೆ ಎಂಬುದನ್ನು ತಿಳಿದುಕೊಳ್ಳಿ. ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದು ಒಂದು, ನೀರು ಧಾರಾಳ ಇದ್ದರೂ ರುಬ್ಬುವ ಕಲ್ಲು ತಿರುಗದಿರುವುದು ಇನ್ನೊಂದು. ಪರದೆಯ ನಡುವೆ ಚಕ್ರ ತಿರುಗುತ್ತಾ ಚಿತ್ರ, ಧ್ವನಿ ಎರಡೂ ನಿಂತರೆ ಸಾಮಾನ್ಯವಾಗಿ ಇಂಟರ್ನೆಟ್ ಸಾಲುತ್ತಿಲ್ಲ. ಚಕ್ರವೇ ಇಲ್ಲ, ಚಂಡೆ ಮದ್ದಳೆ ಸರಾಗವಾಗಿ ಕೇಳುತ್ತದೆ, ಚಿತ್ರ ಮಾತ್ರ ಕುಂಟುತ್ತದೆ ಎಂದರೆ ಟಿ.ವಿ.ಯೇ ಸುಸ್ತಾಗಿದೆ. ಇದನ್ನು ಗುರುತಿಸದೆ ಇಂಟರ್ನೆಟ್ಟಿನವನಿಗೆ ಫೋನ್ ಮಾಡಿ ಜಗಳವಾಡಿದರೆ ಫಲವಿಲ್ಲ. ನಮ್ಮಲ್ಲಿ ಎರಡೂ ಇದ್ದವು. ಸಂಜೆ ಚಕ್ರ, ಮಧ್ಯಾಹ್ನ ಕುಂಟು.

ಚಕ್ರದ ವಿಚಾರ. ಪೂರ್ಣ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಇರಬೇಕೆಂದು ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ನಮ್ಮ ಪ್ಲಾನ್ 50ರದ್ದು. ಸಾಕಷ್ಟೇ ಅಲ್ಲ, ಮಿಗಬೇಕು. ಆದರೆ ಅಳೆಯುವುದು ಎಲ್ಲಿ ಎನ್ನುವುದೇ ಮುಖ್ಯ ನೋಡಿ. ಮೊಬೈಲಿನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆದು ರೂಟರ್ ಪಕ್ಕ ನಿಂತರೆ 46 ತೋರಿಸಿತು, ಟಿ.ವಿ. ಪಕ್ಕ ನಿಂತರೆ 4! ನಡುವೆ ಇದ್ದದ್ದು ಅಡುಗೆಮನೆಯ ಗೋಡೆ, ಒಂದು ಕಬ್ಬಿಣದ ಬೀರು. ಅಷ್ಟೇ ಅಲ್ಲ, ರಾತ್ರಿ ನಾನು ಮೈಕ್ರೋವೇವ್ ಒಲೆಯಲ್ಲಿ ಸಾರು ಬಿಸಿಗಿಟ್ಟ ಕೂಡಲೇ ಹಾಲಿನಲ್ಲಿ ಚಕ್ರ ಶುರುವಾಗುತ್ತಿತ್ತು. ಇದು ಕಾಕತಾಳೀಯವಲ್ಲ. ಆ ಒಲೆಯ ಅಲೆಗಳೂ ವೈಫೈಯ ಹಳೆಯ ಅಲೆಗಳೂ ಹತ್ತಿರ ಹತ್ತಿರ 2.4 ಗಿಗಾಹರ್ಟ್ಸ್‌ನವೇ. ಅಕ್ಕಪಕ್ಕದ ಮನೆಗಳ ವೈಫೈಗಳೂ ಅಲ್ಲೇ ನುಗ್ಗಾಡುತ್ತಿರುತ್ತವೆ. ಈಗಿನ ರೂಟರ್‌ಗಳಲ್ಲಿ 5 ಗಿಗಾಹರ್ಟ್ಸ್‌ನದೂ ಇರುತ್ತದೆ. ಅದು ಚುರುಕು, ಆದರೆ ಗೋಡೆ ದಾಟುವುದರಲ್ಲಿ ಅಳುಕು. ರೂಟರೂ ಟಿ.ವಿ.ಯೂ ಒಂದೇ ಕೋಣೆಯಲ್ಲಿದ್ದರೆ ಅದನ್ನೇ ಆರಿಸಿ. ರೂಟರನ್ನು ಫ್ರಿಜ್ಜಿನ ಹಿಂದೆ, ಸ್ಟೀಲ್ ಡಬ್ಬಿಗಳ ಸಾಲಿನಲ್ಲಿ ಅಡಗಿಸಬೇಡಿ. ಎತ್ತರದಲ್ಲಿ, ಬಯಲಾಗಿ ಇಡಿ.

ನಮ್ಮವರು ಇಷ್ಟೆಲ್ಲ ಯೋಚಿಸದೆ ಒಂದು ಭಾನುವಾರ ಗೋಡೆಯ ಅಂಚಿಗೆ ಮೊಳೆ ಹೊಡೆದು ರೂಟರಿನಿಂದ ಟಿ.ವಿ.ಗೆ ತಂತಿಯನ್ನೇ ಎಳೆದುಬಿಟ್ಟರು. ಚಕ್ರ ಅಂದೇ ಮಾಯವಾಯಿತು. ನೋಡಲು ಚೆಂದವಿಲ್ಲ ನಿಜ, ಆದರೆ ಇದಕ್ಕಿಂತ ಖಂಡಿತವಾದ ಮದ್ದು ನಾನು ಕಂಡಿಲ್ಲ. (ತಿಂಗಳ ಕೊನೆಯಲ್ಲಿ ಮಾತ್ರ ಚಕ್ರ ಕಾಣುವುದಾದರೆ ನಿಮ್ಮ ಪ್ಲಾನಿನ ಮಿತಿ ಮುಗಿದು ವೇಗ ತಗ್ಗಿಸಿದ್ದಾರೋ ವಿಚಾರಿಸಿ.)

ಮಧ್ಯಾಹ್ನದ ಕುಂಟು ಮಾತ್ರ ಹಾಗೇ ಉಳಿಯಿತು. ಅತ್ತೆ ನೋಡುವುದು ಹಳೆಯ, ಮಸುಕಾದ ಮುದ್ರಿಕೆಗಳು. ಅವಕ್ಕೆ ಒಂದೆರಡು ಎಂಬಿಪಿಎಸ್ ಸಾಕು. ಹಾಗಾದರೆ ತಪ್ಪು ಟಿ.ವಿ.ಯದೇ ತಾನೇ? ಸ್ಮಾರ್ಟ್ ಟಿ.ವಿ. ಎಂದರೆ ಒಳಗೊಂದು ಪುಟ್ಟ ಕಂಪ್ಯೂಟರು. ಅಂಗಡಿಯವರು ಪರದೆಯ ಅಂಗುಲ ಹೇಳಿ ಮಾರುತ್ತಾರೆಯೇ ಹೊರತು ಒಳಗಿನ ಮಿದುಳಿನ ಮಾತೆತ್ತುವುದಿಲ್ಲ. ನಮ್ಮದರಲ್ಲಿ ಎಲ್ಲಕ್ಕೂ ಸೇರಿ ಇದ್ದ ಜಾಗ 8 ಜಿಬಿ. ಮಗರಾಯ ಅದರಲ್ಲಿ ಆಟಗಳನ್ನೂ, ಯಾರೂ ತೆರೆಯದ ಒಂಬತ್ತು ಆ್ಯಪ್‌ಗಳನ್ನೂ ತುಂಬಿಸಿದ್ದ. ಹಬ್ಬದ ಮುಂಚೆ ಅಟ್ಟ ಖಾಲಿ ಮಾಡುವ ಹಾಗೆ ಅವನ್ನೆಲ್ಲ ತೆಗೆಸಿದೆ. ಉಳಿದವುಗಳ ಸೆಟ್ಟಿಂಗ್ಸ್‌ನಲ್ಲಿ 'ಕ್ಲಿಯರ್ ಕ್ಯಾಶ್' ಒತ್ತಿದೆ. ಯೂಟ್ಯೂಬ್ ಆ್ಯಪನ್ನೂ ಟಿ.ವಿ.ಯ ಸಾಫ್ಟ್‌ವೇರನ್ನೂ ಅಪ್‌ಡೇಟ್ ಮಾಡಿಸಿದೆ.

ಇನ್ನೊಂದು ಗುಟ್ಟು. ರಿಮೋಟಿನ ಕೆಂಪು ಗುಂಡಿ ಒತ್ತಿದರೆ ಟಿ.ವಿ. ಪೂರ್ತಿ ಆರುವುದಿಲ್ಲ, ತೂಕಡಿಸುತ್ತದೆ ಅಷ್ಟೆ. ನೆನ್ನೆಯ ಭಾರವನ್ನು ತಲೆಯಲ್ಲಿಟ್ಟುಕೊಂಡೇ ಇವತ್ತು ಏಳುತ್ತದೆ. ವಾರಕ್ಕೊಮ್ಮೆ ಗೋಡೆಯ ಸ್ವಿಚ್ಚನ್ನೇ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿ.

ಸೆಖೆಯನ್ನೂ ಮರೆಯಬೇಡಿ. ನಮ್ಮ ಟಿ.ವಿ.ಯ ಹಿಂಬದಿಗೆ ನಾದಿನಿ ಹೆಣೆದ ಕ್ರೋಶಾ ಕವರು ಹೊದಿಸಿತ್ತು. ಅವಳ ಕೈಕೆಲಸ ಬಹಳ ಅಂದ, ಆದರೆ ಬಿಸಿ ಹೊರಹೋಗುವ ತೂತುಗಳೆಲ್ಲ ಅದರಡಿ, ಮೇಲೆ ಧೂಳು. ಬಿಸಿ ಏರಿದರೆ ಒಳಗಿನ ಯಂತ್ರ ತಾನಾಗಿ ನಿಧಾನ ಮಾಡಿಕೊಳ್ಳುತ್ತದೆ. ಕವರು ಈಗ ಹೊಲಿಗೆ ಯಂತ್ರದ ಮೇಲಿದೆ.

ಸುಧಾರಿಸಿತೋ ಇಲ್ಲವೋ ಎಂದು ನೋಡಲು ಯೂಟ್ಯೂಬಿನಲ್ಲೇ ಒಂದು ಉಪಾಯವಿದೆ. ವಿಡಿಯೋ ಓಡುತ್ತಿರುವಾಗ ಸೆಟ್ಟಿಂಗ್ಸ್‌ನ ಚಕ್ರದ ಗುರುತಿಗೆ ಹೋಗಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆರಿಸಿದರೆ ಎಷ್ಟು ಚೌಕಟ್ಟು ತಪ್ಪಿಹೋದವು ಎಂದು ಅಂಕಿ ತೋರಿಸುತ್ತದೆ. ಮೊದಲು ಅದು ಆಟೋ ಮೀಟರಿನ ಹಾಗೆ ಏರುತ್ತಿತ್ತು. ಈಗ ಒಂದು ಪ್ರಸಂಗ ಮುಗಿದರೂ ಕದಲುವುದು ಅಪರೂಪ. ನಿಮ್ಮಲ್ಲಿ ಇನ್ನೂ ಏರುತ್ತಿದ್ದರೆ ಚಿತ್ರದ ಗುಣಮಟ್ಟವನ್ನು 4ಕೆಯಿಂದ 1080ಕ್ಕೋ 720ಕ್ಕೋ ಇಳಿಸಿ. ಹತ್ತಡಿ ದೂರ ಕೂತವರಿಗೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಸಿನಿಮಾದಲ್ಲಿ ಕ್ಯಾಮೆರಾ ಅಡ್ಡಡ್ಡ ತಿರುಗುವಾಗ ಮಾತ್ರ ಸಣ್ಣಗೆ ನಡುಗಿದರೆ ಅದು ಕಾಯಿಲೆಯಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರ, ಪರದೆ ಸೆಕೆಂಡಿಗೆ 60 ಸಲ. ಸಮನಾಗಿ ಭಾಗವಾಗದ ಲೆಕ್ಕ. ಅದಕ್ಕಾಗಿ ಟಿ.ವಿ.ಯಲ್ಲಿ 'ಮೋಷನ್' ಎಂಬ ಸೆಟ್ಟಿಂಗ್ ಇರುತ್ತದೆ, ಆದರೆ ಹೆಚ್ಚು ಮಾಡಿದರೆ ದೊಡ್ಡ ಸಿನಿಮಾವೂ ಧಾರಾವಾಹಿಯಂತೆ ಕಾಣುತ್ತದೆ. ನನಗಂತೂ ಸೇರುವುದಿಲ್ಲ.

ಅತ್ತೆಯ ಎಡಗಣ್ಣಿನ ಶಸ್ತ್ರಚಿಕಿತ್ಸೆ ಕಳೆದ ತಿಂಗಳು ಆಯಿತು. ಈಗ ಅವರ ದೂರೇ ಬೇರೆ. "ಭಾಗವತರ ಹಿಂದಿನ ಪರದೆ ಇಷ್ಟು ಕೊಳೆಯಾ? ಒಗೆಯೋಕೆ ಯಾರೂ ಇರಲಿಲ್ವಾ?" ಅಂತ.

ಅಂದ ಹಾಗೆ, ಇಷ್ಟೆಲ್ಲ ಮಾಡಿಯೂ ಟಿ.ವಿ. ಜಗ್ಗದಿದ್ದರೆ ಹೊಸದಕ್ಕೆ ಓಡಬೇಡಿ. ಟಿ.ವಿ.ಯ ಹಿಂದಿನ ಎಚ್‌ಡಿಎಂಐ ತೂತಿಗೆ ಸಿಕ್ಕಿಸುವ ಸ್ಟಿಕ್ ಸಿಗುತ್ತದೆ, ಐದು ಸಾವಿರದ ಆಸುಪಾಸು. ಪರದೆ ಹಳೆಯದೇ, ಮಿದುಳು ಮಾತ್ರ ಹೊಸದು. ಹಾಸನದ ನನ್ನ ತಂಗಿ ಅದನ್ನೇ ತರಿಸಿಕೊಂಡಳು. ಅದಕ್ಕೆ ಕರೆಂಟನ್ನು ಟಿ.ವಿ.ಯ ಯುಎಸ್‌ಬಿ ತೂತಿನಿಂದ ಕೊಡಬೇಡಿ, ಎಷ್ಟೋ ಟಿ.ವಿ.ಗಳಲ್ಲಿ ಅದು ಸಾಲುವುದಿಲ್ಲ. ಜೊತೆಗೆ ಬರುವ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ.